ಹೊರೆ, ಹೆಗಲು ಮತ್ತು ಛಾಯಾಚಿತ್ರ: ಪರ್ವತಪಥದಲ್ಲಿ ಕ್ಯಾಮೆರಾ ಸಾಗಿದ ಬಗೆ

1. ಪ್ರವೇಶ

ಮನುಷ್ಯನು ತನ್ನ ಬದುಕಿಗೆ ಬೇಕಾದುದನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಲು ಕಂಡುಕೊಂಡ ವಿಧಾನಗಳ ಚರಿತ್ರೆಯು ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿ ತಕ್ಕಷ್ಟು ಗಮನ ಪಡೆಯದ ಕ್ಷೇತ್ರವಾಗಿದೆ. ನೇಗಿಲು, ಮಗ್ಗ, ಮಡಕೆ, ಒಡವೆಗಳನ್ನು ಕುರಿತು ಜಾನಪದ ವಿದ್ವಾಂಸರು ವಿಸ್ತಾರವಾಗಿ ಬರೆದಿದ್ದಾರೆ. ಆದರೆ ನೇಗಿಲನ್ನು ಹೊಲಕ್ಕೆ ಹೊತ್ತ ಹೆಗಲು, ಮಡಕೆಯನ್ನು ಸಂತೆಗೆ ಒಯ್ದ ತಲೆ, ಆ ತಲೆಯ ಮೇಲಿನ ಸಿಂಬಿ ಇವು ಟಿಪ್ಪಣಿಗಳ ಮಟ್ಟದಲ್ಲಿಯೇ ಉಳಿದಿವೆ. ಹೊರುವ ಸಾಧನವು ಹೊರಲ್ಪಟ್ಟ ವಸ್ತುವಿನ ನೆರಳಿನಲ್ಲಿ ಮರೆಯಾಗುವುದು ಇದಕ್ಕೆ ಕಾರಣವಿರಬಹುದು.

ಈ ಮಾತು ಆಧುನಿಕ ಸಾಧನಗಳಿಗೂ ಅನ್ವಯಿಸುತ್ತದೆ. ಬೆಟ್ಟ ಹತ್ತುವ ಛಾಯಾಗ್ರಾಹಕನ ಬೆನ್ನುಚೀಲವು ಇಂದು ಅಂಗಡಿಯಲ್ಲಿ ಆರಿಸಿ ಕೊಳ್ಳುವ ಸಾಮಾನ್ಯ ಸರಕು. ಎಷ್ಟು ಲೀಟರಿನ ಚೀಲ, ಎಷ್ಟು ಮಸೂರಗಳಿಗೆ ಸ್ಥಳ, ಮಳೆಗೆ ತಡೆಯುತ್ತದೆಯೇ, ಬೆಲೆಯೆಷ್ಟು ಎಂಬಷ್ಟಕ್ಕೆ ಆಯ್ಕೆಯ ಪ್ರಶ್ನೆ ಮುಗಿಯುತ್ತದೆ. ಆದರೆ ಈ ಚೀಲ ಹುಟ್ಟುವುದಕ್ಕೆ ಮುನ್ನ ಸುಮಾರು ಒಂದು ಶತಮಾನ ಕಾಲ ಕ್ಯಾಮೆರಾ ಬೆಟ್ಟ ಹತ್ತಿದುದು ಛಾಯಾಗ್ರಾಹಕನ ಬೆನ್ನಿನ ಮೇಲಲ್ಲ. ಬೇರೆಯವರ ಬೆನ್ನಿನ ಮೇಲೆ. ಆ ಬೆನ್ನುಗಳಿಂದ ಈ ಬೆನ್ನಿಗೆ ಹೊರೆ ವರ್ಗಾವಣೆಯಾದ ಬಗೆಯನ್ನು ಗುರುತಿಸುವುದು, ಹಾಗೂ ಇಂದಿನ ಆಯ್ಕೆಯ ಮಾನದಂಡಗಳನ್ನು ಆ ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2. ಹೊರೆಯ ದೇಶೀ ಪರಿಭಾಷೆ

ಕನ್ನಡದಲ್ಲಿ ಹೊರುವ ಕ್ರಿಯೆಗೆ ಸಂಬಂಧಿಸಿದ ಶಬ್ದಸಂಪತ್ತು ವಿಪುಲವಾಗಿದೆ. ತಲೆಯ ಮೇಲಿನದು ಹೊರೆ, ಎತ್ತಿನ ಬೆನ್ನಿನ ಮೇಲಿನದು ಹೇರು, ಹೆಗಲ ಮೇಲಿನ ದಂಡದ ಎರಡು ತುದಿಗಳಲ್ಲಿ ತೂಗುವುದು ಕಾವಡಿ, ಹೆಗಲಿನಿಂದ ಪಕ್ಕಕ್ಕೆ ಇಳಿಬಿಡುವುದು ಜೋಳಿಗೆ, ಹೆಗಲ ಹಿಂದೆ ಮುಂದೆ ಎರಡು ಬದಿಗೂ ಬಾಯಿಯುಳ್ಳದ್ದು ಹಸುಬೆ ಚೀಲ, ಎಲೆಯಡಿಕೆಗೆ ಹಡಪ. ಲಂಬಾಣಿಗರು ಎತ್ತುಗಳ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ದೇಶ ಸುತ್ತಿದ ಲದೇಣಿಯ ಪದ್ಧತಿಯು ರೈಲು ಬರುವವರೆಗೂ ದಖ್ಖನಿನ ಸಾಗಣೆಯ ಜೀವನಾಡಿಯಾಗಿದ್ದಿತು. ಒಂದೊಂದು ಸಾಧನವೂ ಒಂದೊಂದು ಬಗೆಯ ನೆಲ, ಒಂದೊಂದು ಬಗೆಯ ಸರಕು ಮತ್ತು ಒಂದೊಂದು ಬಗೆಯ ದೇಹಭಂಗಿಗೆ ಹೊಂದಿಕೊಂಡು ರೂಪುಗೊಂಡುದು. ಸಮನೆಲದಲ್ಲಿ ಸಲ್ಲುವ ಕಾವಡಿ ಕಾಡಿನ ಇಕ್ಕಟ್ಟಾದ ಕಾಲುದಾರಿಯಲ್ಲಿ ಸಲ್ಲದು. ತಲೆಹೊರೆಗೆ ನೇರವಾದ ಬೆನ್ನು ಬೇಕು, ಕಡಿದಾದ ಏರಿನಲ್ಲಿ ಅದು ಕಷ್ಟ.

ಇವುಗಳಲ್ಲಿ ಇರುಮುಡಿಯ ರಚನೆ ವಿಶೇಷವಾಗಿ ಗಮನಾರ್ಹ. ಶಬರಿಮಲೆಯ ಯಾತ್ರಿಕರು ತಲೆಯ ಮೇಲೆ ಹೊರುವ ಈ ಗಂಟಿಗೆ ಎರಡು ಭಾಗಗಳು. ಮುಂದಿನದು ದೇವರಿಗೆ ಅರ್ಪಿಸುವ ಸಾಮಗ್ರಿಗೆ, ಹಿಂದಿನದು ಯಾತ್ರಿಕನ ದಾರಿಯ ಬುತ್ತಿಗೆ. ಒಂದು ಗಂಟಿನೊಳಗೆ ಉದ್ದೇಶ ಮತ್ತು ದೇಹಧಾರಣೆ ಎಂಬ ಎರಡು ವಿಭಾಗಗಳನ್ನು ಬೇರೆ ಬೇರೆಯಾಗಿ ಇರಿಸುವ ಕ್ರಮವಿದು. ತನ್ನ ಮುಡಿಯನ್ನು ತಾನೇ ಹೊರಬೇಕೆಂಬುದು ವ್ರತದ ನಿಯಮ. ಬೆಟ್ಟವೇರುವ ಹೊರೆಗೆ ಸಂಬಂಧಿಸಿದಂತೆ ಜನಪದವು ರೂಪಿಸಿಕೊಂಡ ಈ ಎರಡು ತತ್ತ್ವಗಳು, ಎಂದರೆ ವಿಭಜನೆಯ ತತ್ತ್ವ ಮತ್ತು ಸ್ವಯಂಭಾರದ ತತ್ತ್ವ, ಮುಂದಿನ ಚರ್ಚೆಯಲ್ಲಿ ಮತ್ತೆ ಎದುರಾಗುತ್ತವೆ.

‘ಕೂಲಿ’ ಎಂಬ ಶಬ್ದವನ್ನೂ ಇಲ್ಲಿ ಗಮನಿಸಬೇಕು. ಕನ್ನಡ ಮತ್ತು ತಮಿಳುಗಳಲ್ಲಿ ಅದು ಮೂಲತಃ ದುಡಿಮೆಯ ಪ್ರತಿಫಲವನ್ನು ಸೂಚಿಸುವ ಪದ. ವಸಾಹತು ಆಡಳಿತದ ಕಡತಗಳಲ್ಲಿ ಅದು ಮನುಷ್ಯನ ಹೆಸರಾಯಿತು. ಇದರ ಎದುರು ನಿಲ್ಲುವ ಶಬ್ದ ‘ಬಿಟ್ಟಿ’. ಸಂಸ್ಕೃತದ ವಿಷ್ಟಿಯ ತದ್ಭವವಾದ ಇದು ಪ್ರತಿಫಲವಿಲ್ಲದೆ ಮಾಡಿಸಿಕೊಳ್ಳುವ ದುಡಿಮೆಯ ಅರ್ಥದಲ್ಲಿ ಕನ್ನಡ ಶಾಸನಗಳಲ್ಲಿಯೇ ಬಳಕೆಯಾಗಿದೆ. ಉತ್ತರದ ‘ಬೇಗಾರ್’ ಇದರೊಡನೆ ಸೇರಿ ಕನ್ನಡದಲ್ಲಿ ‘ಬಿಟ್ಟಿ ಬೇಗಾರಿ’ ಎಂಬ ಜೋಡುನುಡಿಯಾಯಿತು. ಹಿಮಾಲಯದಲ್ಲಿ ಕ್ಯಾಮೆರಾ ಸಾಗಿದ ದಾರಿ ಈ ಎರಡು ಶಬ್ದಗಳ ನಡುವಿನದು.

3. ಕಾಗದದ ನೆಗೆಟಿವ್: ಕನ್ನಡ ನಾಡಿನ ಆರಂಭ

ಕನ್ನಡ ನಾಡಿಗೆ ಕ್ಯಾಮೆರಾ ಬಂದುದು ಸ್ಮಾರಕಗಳನ್ನು ಅರಸಿಕೊಂಡು. ಬೆಂಗಳೂರಿನಲ್ಲಿದ್ದ ಮದ್ರಾಸ್ ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳ ಚಿತ್ರಗಳನ್ನು ತೆಗೆದನು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಅವಶೇಷಗಳನ್ನು ದೊಡ್ಡಳತೆಯ ಮೇಣಗಾಗದದ ನೆಗೆಟಿವ್‌ಗಳಲ್ಲಿ ದಾಖಲಿಸಿದನು. ಆ ನೆಗೆಟಿವ್‌ಗಳಲ್ಲಿ ಸುಮಾರು 60 ಉಳಿದುಬಂದಿವೆ. 1983ರಲ್ಲಿ ಜಾನ್ ಗಾಲಿಂಗ್ಸ್ ಅದೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದುದರಿಂದ ವಿಜಯನಗರದ ಅಧ್ಯಯನಕ್ಕೆ ಒಂದು ಅಮೂಲ್ಯ ತುಲನಾತ್ಮಕ ಆಕರ ದೊರೆಯಿತು.

ಸಾಗಣೆಯ ದೃಷ್ಟಿಯಿಂದ ಈ ಇಬ್ಬರೂ ಕಾಗದವನ್ನು ಆರಿಸಿಕೊಂಡುದು ಮುಖ್ಯವಾದ ಅಂಶ. 1851ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಪ್ರಕಟಿಸಿದ ಮೇಣಗಾಗದದ ವಿಧಾನದಲ್ಲಿ ಕಾಗದವನ್ನು ಮೊದಲೇ ಸಿದ್ಧಪಡಿಸಿಕೊಂಡು ಹೋಗಿ, ಚಿತ್ರ ತೆಗೆದ ಬಳಿಕ ನಿಧಾನವಾಗಿ ಸಂಸ್ಕರಿಸಬಹುದಾಗಿತ್ತು. ಅದು ಹಗುರ, ಒಡೆಯುವ ಭಯವಿಲ್ಲ, ಸೆಕೆಯ ನಾಡಿನಲ್ಲಿ ಬೇಗ ಒಣಗಿ ಕೆಡುವುದೂ ಇಲ್ಲ. ಆದರೆ ಬೃಹತ್ ಗಾತ್ರದ ಮರದ ಕ್ಯಾಮೆರಾ ಮತ್ತು ಅದರ ನಿಲುಗಾಲುಗಳ ಭಾರ ಮಾತ್ರ ಇದ್ದೇ ಇತ್ತು. ಅದು ಬೇರೆಯವರ ಪಾಲಿನದು.

4. ಗಾಜಿನ ಹೊರೆ: ಬೋರ್ನ್‌ನ ಹಿಮಾಲಯ ಯಾತ್ರೆಗಳು

1851ರಲ್ಲಿಯೇ ಬೆಳಕಿಗೆ ಬಂದ ಕೊಲೋಡಿಯನ್ ವಿಧಾನವು ಮುಂದಿನ ದಶಕದ ಹೊತ್ತಿಗೆ ಕಾಗದವನ್ನು ಹಿಂದಕ್ಕೆ ಸರಿಸಿತು. ಚಿತ್ರದ ಸೂಕ್ಷ್ಮ ವಿವರಗಳಲ್ಲಿ ಗಾಜಿಗೆ ಸಾಟಿಯಿರಲಿಲ್ಲ. ಆದರೆ ಗಾಜಿನ ಫಲಕಕ್ಕೆ ಸ್ಥಳದಲ್ಲಿಯೇ ದ್ರಾವಣ ಲೇಪಿಸಿ, ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು, ಆರುವ ಮುನ್ನವೇ ಸಂಸ್ಕರಿಸಬೇಕಾಗಿತ್ತು. ಇದರಿಂದ ಕ್ಯಾಮೆರಾದೊಡನೆ ಕತ್ತಲಕೋಣೆಯೂ ಬೆಟ್ಟ ಹತ್ತಬೇಕಾಯಿತು. ಗುಡಾರ, ಗಾಜಿನ ಪೆಟ್ಟಿಗೆಗಳು, ರಾಸಾಯನಿಕಗಳ ಸೀಸೆಗಳು, ತೊಟ್ಟಿಗಳು, ಶುದ್ಧ ನೀರು ಇವೆಲ್ಲ ಸೇರಿ ಒಬ್ಬ ಛಾಯಾಗ್ರಾಹಕನ ಹಿಂದೆ ಒಂದು ದಂಡೇ ನಡೆಯಬೇಕಾಯಿತು.

ಇದರ ಶ್ರೇಷ್ಠ ನಿದರ್ಶನ ಸಾಮ್ಯುಯೆಲ್ ಬೋರ್ನ್. 1863ರಲ್ಲಿ ಭಾರತಕ್ಕೆ ಬಂದ ಈತ ಅದೇ ವರ್ಷ ಸಿಮ್ಲಾದಿಂದ ಸಟ್ಲೆಜ್ ಕಣಿವೆಯತ್ತ ಮೊದಲ ಯಾತ್ರೆ ಕೈಗೊಂಡನು. ಜೊತೆಯಲ್ಲಿ ಸುಮಾರು 30 ಮಂದಿ ಹೊರೆಯಾಳುಗಳಿದ್ದರು. 1864ರ ಕಾಶ್ಮೀರ ಯಾತ್ರೆಯಲ್ಲಿ ಆ ಸಂಖ್ಯೆ 40ನ್ನು ಮೀರಿತು. 1866ರ ಮೂರನೆಯ ಯಾತ್ರೆಯಲ್ಲಿ ಕುಲು, ಸ್ಪಿತಿಗಳ ಮೂಲಕ ಸಾಗಿ, ತಾನು 18,600 ಅಡಿಯೆಂದು ಹೇಳಿದ ಮನಿರಂಗ್ ಕಣಿವೆದಾರಿಯಲ್ಲಿ ಚಿತ್ರ ತೆಗೆದು, ಗಂಗೋತ್ರಿಯ ಹಿಮನದಿಯವರೆಗೂ ತಲುಪಿದನು. ಅಷ್ಟು ಎತ್ತರದಲ್ಲಿ ತೆಗೆದ ಚಿತ್ರಗಳು ಮುಂದೆ ಬಹುಕಾಲ ದಾಖಲೆಯಾಗಿ ಉಳಿದವು. ಆತ ಪಾಲುದಾರನಾಗಿದ್ದ ಸಂಸ್ಥೆಯು ಕೊಲ್ಕತ್ತದಲ್ಲಿ 2016ರವರೆಗೂ ಬಾಳಿತು.

ಬೋರ್ನ್ ತನ್ನ ಯಾತ್ರೆಗಳ ವೃತ್ತಾಂತವನ್ನು ಇಂಗ್ಲೆಂಡಿನ ಛಾಯಾಗ್ರಹಣ ಪತ್ರಿಕೆಯಲ್ಲಿ ಸರಣಿಯಾಗಿ ಬರೆದನು. ಹಿಮದ ದಾರಿಯಲ್ಲಿ ಹೊರೆಯಾಳುಗಳು ಹೊರೆ ಇಳಿಸಿ ಓಡಿಹೋದುದನ್ನೂ, ತಾನು ಕೋಲು ಹಿಡಿದು ಅವರನ್ನು ಹುಡುಕಿ ಹೊರಟುದನ್ನೂ, ದಂಡಿಸಿದುದನ್ನೂ ಆತ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಆತನ ದೃಷ್ಟಿಯಲ್ಲಿ ಇದು ಯಾತ್ರೆಯ ಅಡಚಣೆಗಳಲ್ಲಿ ಒಂದು, ಮಳೆ ಮೋಡಗಳ ಹಾಗೆ. ಹೊರೆಯಾಳಿನ ದೃಷ್ಟಿಯಿಂದ ನೋಡಿದರೆ ಸಂಗತಿ ಬೇರೆ. ಸುಗ್ಗಿಯ ಅಥವಾ ಬಿತ್ತನೆಯ ದಿನಗಳಲ್ಲಿ ಹೊಲದಿಂದ ಎಬ್ಬಿಸಿ ತಂದ ರೈತ, ತಕ್ಕ ಉಡುಪಿಲ್ಲದೆ, ತಾನು ಎಂದೂ ನೋಡಲಾರದ ಚಿತ್ರಕ್ಕಾಗಿ ಗಾಜಿನ ಪೆಟ್ಟಿಗೆಯನ್ನು ಹಿಮದ ಮೇಲೆ ಹೊರಬೇಕಾಗಿತ್ತು. ಓಡಿಹೋಗುವುದು ಅವನಿಗೆ ಲಭ್ಯವಿದ್ದ ಒಂದೇ ಬಗೆಯ ಪ್ರತಿಭಟನೆ.

5. ನದಿಗೆ ಬಿದ್ದ ಹೆಸರುಗಳು

ಹಿಮಾಲಯದ ಬ್ರಿಟಿಷ್ ಆಡಳಿತ ಪ್ರದೇಶಗಳಲ್ಲಿ ಈ ಸಾಗಣೆಗೆ ಒಂದು ವ್ಯವಸ್ಥೆಯೇ ಇತ್ತು. ಕುಮಾಊಂ ಭಾಗದಲ್ಲಿ ಹೆಸರಿಗಷ್ಟೇ ಕೂಲಿ ಕೊಟ್ಟು ಹೊರಿಸುವುದನ್ನು ‘ಕುಲಿ ಉತಾರ್’ ಎಂದೂ, ಏನೂ ಕೊಡದೆ ಹೊರಿಸುವುದನ್ನು ‘ಕುಲಿ ಬೇಗಾರ್’ ಎಂದೂ, ಪ್ರವಾಸಿ ಅಧಿಕಾರಿಗಳಿಗೆ ಹಾಲು ಧಾನ್ಯ ಸೌದೆ ಒದಗಿಸುವುದನ್ನು ‘ಕುಲಿ ಬರ್ದಾಯಿಶ್’ ಎಂದೂ ಕರೆಯುತ್ತಿದ್ದರು. ಯಾರ ಸರದಿ ಯಾವಾಗ ಎಂಬುದಕ್ಕೆ ಊರಿನ ಮುಖ್ಯಸ್ಥರ ಬಳಿ ರಿಜಿಸ್ಟರುಗಳಿದ್ದವು.

1921ರ ಜನವರಿಯಲ್ಲಿ, ಸಂಕ್ರಾಂತಿಯ ಉತ್ತರಾಯಣಿ ಜಾತ್ರೆಯ ಸಂದರ್ಭದಲ್ಲಿ ಬಾಗೇಶ್ವರದಲ್ಲಿ ನೆರೆದ ಸಾವಿರಾರು ಜನರು ಬದರಿದತ್ತ ಪಾಂಡೆ ಮೊದಲಾದವರ ಮುಂದಾಳುತನದಲ್ಲಿ ಇನ್ನು ಬೇಗಾರ್ ಮಾಡುವುದಿಲ್ಲವೆಂದು ಪ್ರಮಾಣ ಮಾಡಿ, ಆ ರಿಜಿಸ್ಟರುಗಳನ್ನು ಸರಯೂ ನದಿಗೆ ಎಸೆದರು. ಅದೇ ಕಾಲದಲ್ಲಿ ಸಿಮ್ಲಾ ಬೆಟ್ಟಗಳ ಕೋಟಗಢದಲ್ಲಿ ಸಾಮ್ಯುಯೆಲ್ ಸ್ಟೋಕ್ಸ್ ಬೇಗಾರಿನ ವಿರುದ್ಧ ಚಳವಳಿ ನಡೆಸಿದರು. ಬಿಟ್ಟಿ ದುಡಿಮೆಯ ಈ ದೀರ್ಘ ಚರಿತ್ರೆಗೆ 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನದ 23ನೆಯ ಅನುಚ್ಛೇದವು ಕಾನೂನಿನ ಕೊನೆ ಹಾಡಿತು. ‘ಬೇಗಾರ್’ ಎಂಬ ದೇಶೀ ಶಬ್ದವೇ ಸಂವಿಧಾನದ ಇಂಗ್ಲಿಷ್ ಪಾಠದಲ್ಲಿ ಸೇರಿರುವುದು ಗಮನಾರ್ಹ.

ಜಾತ್ರೆಯೊಂದು ಪ್ರತಿಭಟನೆಯ ಸ್ಥಳವಾದುದು ಜಾನಪದ ಅಧ್ಯಯನಕ್ಕೆ ಸಂಬಂಧಿಸಿದ ವಿಷಯ. ಸಂಶೋಧಕನಿಗೆ ಇದರಲ್ಲಿ ಇನ್ನೊಂದು ಕಠಿಣ ಸತ್ಯವೂ ಇದೆ. ಹತ್ತೊಂಬತ್ತನೆಯ ಶತಮಾನದ ಪರ್ವತಚಿತ್ರಗಳ ಅಡಿಬರಹಗಳಲ್ಲಿ ಹೊರೆಯಾಳುಗಳ ಹೆಸರುಗಳು ಸಾಮಾನ್ಯವಾಗಿ ಇಲ್ಲ. ಅಂತಹವರ ಹೆಸರುಗಳು ಎಲ್ಲಿಯಾದರೂ ಬರಹರೂಪದಲ್ಲಿ ಇದ್ದವೆಂದರೆ ಅದು ಬೇಗಾರಿನ ರಿಜಿಸ್ಟರುಗಳಲ್ಲಿ. ಅವು ನದಿಯ ಪಾಲಾದವು. ಚರಿತ್ರಕಾರನಿಗೆ ನಷ್ಟವಾದುದೇ ಆ ಜನರ ಪಾಲಿಗೆ ಬಿಡುಗಡೆ. ಆದ್ದರಿಂದ ದಾಖಲೆಯ ಅಭಾವವನ್ನು ಕೇವಲ ಕೊರತೆಯೆಂದು ಭಾವಿಸದೆ, ಅದರ ಕಾರಣವನ್ನೂ ಓದುವುದು ಅಗತ್ಯ.

6. ಶುಷ್ಕ ಫಲಕದಿಂದ ಸುರುಳಿಯವರೆಗೆ

1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಪ್ರಕಟಿಸಿದ ಜೆಲಾಟಿನ್ ಶುಷ್ಕ ಫಲಕದ ವಿಧಾನವು ಕತ್ತಲಕೋಣೆಯನ್ನು ಬೆಟ್ಟದಿಂದ ಕೆಳಗಿಳಿಸಿತು. ಗಾಜು ಮಾತ್ರ ಉಳಿಯಿತು. ಇಟಲಿಯ ವಿತ್ತೋರಿಯೊ ಸೆಲ್ಲಾ (1859–1943) 30×40 ಸೆಂಟಿಮೀಟರ್ ಅಳತೆಯ ಫಲಕಗಳನ್ನು ಬಳಸುತ್ತಿದ್ದನು. ಅವುಗಳಲ್ಲಿ ಒಂದೊಂದೂ ಸುಮಾರು ಒಂದು ಕಿಲೋಗ್ರಾಂ ತೂಗುತ್ತಿತ್ತು. ಇಂತಹ ಫಲಕಗಳನ್ನು ಒಡೆಯದಂತೆ ಸಾಗಿಸಲು ಆತ ಹೇರಿನ ಜೀನುಗಳನ್ನೂ ಬೆನ್ನುಚೀಲಗಳನ್ನೂ ತಾನೇ ಮಾರ್ಪಡಿಸಿಕೊಂಡನು. ಛಾಯಾಗ್ರಹಣಕ್ಕೆಂದೇ ಉದ್ದೇಶಪೂರ್ವಕವಾಗಿ ರೂಪಿಸಿದ ಬೆನ್ನುಚೀಲದ ಆರಂಭದ ನಿದರ್ಶನಗಳಲ್ಲಿ ಇದನ್ನು ಎಣಿಸಬಹುದು. 1899ರಲ್ಲಿ ಡಗ್ಲಾಸ್ ಫ್ರೆಶ್‌ಫೀಲ್ಡ್‌ನೊಡನೆ ಕಾಂಚನಜುಂಗಾದ ಸುತ್ತಲಿನ ಯಾತ್ರೆಯಲ್ಲಿಯೂ, 1909ರಲ್ಲಿ ಅಬ್ರುಜ್ಜಿಯ ಡ್ಯೂಕನೊಡನೆ ಕೆ-2 ಯಾತ್ರೆಯಲ್ಲಿಯೂ ಸೆಲ್ಲಾ ತೆಗೆದ ಚಿತ್ರಗಳು ಪರ್ವತ ಛಾಯಾಗ್ರಹಣದ ಮೇರುಕೃತಿಗಳೆನಿಸಿವೆ.

ಅಮೆರಿಕೆಯ ಆನ್ಸೆಲ್ ಆಡಮ್ಸ್ ಸೆಲ್ಲಾನ ಚಿತ್ರಗಳ ಅಭಿಮಾನಿ. 1927ರ ಏಪ್ರಿಲ್ 10ರಂದು ಯೊಸೆಮಿಟಿಯ ಹಾಫ್ ಡೋಮ್ ಶಿಖರದ ಚಿತ್ರಕ್ಕಾಗಿ ಆತ ಸುಮಾರು 40 ಪೌಂಡ್ ತೂಕದ ಹೊರೆಯನ್ನು ತನ್ನ ಬೆನ್ನಿನ ಮೇಲೆಯೇ ಹೊತ್ತು ಹಿಮ ತುಂಬಿದ ಕೊರಕಲನ್ನು ಏರಿದನು. ಜೊತೆಯಲ್ಲಿದ್ದುದು 12 ಗಾಜಿನ ಫಲಕಗಳು. ಶಿಖರದ ಎದುರು ನಿಲ್ಲುವ ಹೊತ್ತಿಗೆ ಎರಡೇ ಉಳಿದಿದ್ದವು. ಕೊನೆಯದರಲ್ಲಿ ಗಾಢ ಕೆಂಪು ಶೋಧಕ ಬಳಸಿ ತೆಗೆದ ಚಿತ್ರವು ಆತನ ಕಲಾಜೀವನದ ತಿರುವಾಯಿತು. ಹೊರೆಯ ಮಿತಿಯು ಕಲೆಯ ನಿರ್ಧಾರವನ್ನು ತೀಕ್ಷ್ಣಗೊಳಿಸಿದುದಕ್ಕೆ ಇದೊಂದು ಉದಾಹರಣೆ. ಫಲಕಗಳು ಎಣಿಕೆಯವಾಗಿದ್ದುದರಿಂದ ನೋಟವೂ ಎಣಿಸಿ ನೋಡುವಂತಹುದಾಯಿತು.

ಇತ್ತ 1888ರ ಕೊಡ್ಯಾಕ್ ಪೆಟ್ಟಿಗೆ, 1912ರ ಜೇಬಿನ ಕೊಡ್ಯಾಕ್, 1925ರ ಲೈಕಾಗಳು ಸುರುಳಿ ಫಿಲ್ಮಿನ ಯುಗವನ್ನು ತಂದವು. ಆದರೂ ಎತ್ತರದ ಪರ್ವತಗಳಲ್ಲಿ ಹೊರೆಯಾಳಿನ ಅಗತ್ಯ ತಪ್ಪಲಿಲ್ಲ. ಎವರೆಸ್ಟಿನ 1922 ಮತ್ತು 1924ರ ಯಾತ್ರೆಗಳನ್ನು ಚಲನಚಿತ್ರದಲ್ಲಿ ದಾಖಲಿಸಿದ ಜಾನ್ ನೋಯೆಲ್‌ನ ಉಪಕರಣಗಳು ಶೆರ್ಪಾ ಮತ್ತು ಟಿಬೆಟನ್ನರ ಬೆನ್ನಿನ ಮೇಲೆ ಸಾಗಿದವು. 1922ರ ಜೂನ್ 7ರಂದು ಅದೇ ಯಾತ್ರೆಯ ಏಳು ಮಂದಿ ಹೊರೆಯಾಳುಗಳು ಹಿಮಪಾತದಲ್ಲಿ ಮಡಿದರು. 1935ರಲ್ಲಿ ಹೊರೆಯಾಳಾಗಿ ಎವರೆಸ್ಟಿಗೆ ಮೊದಲು ಬಂದ ತೇನ್‌ಸಿಂಗ್ ನೋರ್ಗೆ 1953ರ ಮೇ 29ರಂದು ಶಿಖರದ ಮೇಲೆ ನಿಂತರು. ಕ್ಯಾಮೆರಾ ಎಡ್ಮಂಡ್ ಹಿಲರಿಯವರ ಕೈಯಲ್ಲಿತ್ತು. ಶಿಖರದಲ್ಲಿ ನಿಂತ ಹಿಲರಿಯವರ ಚಿತ್ರವಿಲ್ಲ, ತೇನ್‌ಸಿಂಗ್ ಅವರದು ಇದೆ. ಹೊರುವವನು ಚಿತ್ರದ ಹೊರಗೆ, ಹೊರಿಸುವವನು ಒಳಗೆ ಎಂಬ ಒಂದು ಶತಮಾನದ ಕ್ರಮ ಅಲ್ಲಿ ತಿರುಗುಮುರುಗಾಯಿತು.

7. ಚೌಕಟ್ಟು, ನಡುಪಟ್ಟಿ, ಚೀಲ

ಹೊರೆಯು ಛಾಯಾಗ್ರಾಹಕನ ಬೆನ್ನಿಗೇ ಬಂದಾಗ ಬೆನ್ನುಚೀಲದ ರಚನೆಯಲ್ಲಿ ತ್ವರಿತ ಬದಲಾವಣೆಗಳಾದವು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ನಾರ್ವೆಯ ಓಲೆ ಬೆರ್ಗನ್ ಬೆನ್ನಿನ ಆಕಾರಕ್ಕೆ ಬಾಗಿಸಿದ ಚೌಕಟ್ಟಿನ ಚೀಲವನ್ನು ರೂಪಿಸಿದನು. ಅಮೆರಿಕೆಯ ಲಾಯ್ಡ್ ನೆಲ್ಸನ್ ಅಲಾಸ್ಕದಲ್ಲಿ ಕಂಡ ಮೂಲನಿವಾಸಿಗಳ ಹೊರೆಚೌಕಟ್ಟಿನಿಂದ ಪ್ರೇರಣೆ ಪಡೆದು ಮರದ ಚೌಕಟ್ಟಿನ ಚೀಲಕ್ಕೆ 1920ರ ದಶಕದಲ್ಲಿ ಪೇಟೆಂಟ್ ಪಡೆದನು. 1952ರಲ್ಲಿ ಡಿಕ್ ಮತ್ತು ನೆನಾ ಕೆಲ್ಟಿ ದಂಪತಿಗಳು ಅಲ್ಯುಮಿನಿಯಂ ಚೌಕಟ್ಟಿನ ಚೀಲಗಳನ್ನು ತಯಾರಿಸತೊಡಗಿದರು. ನಡುಪಟ್ಟಿಯ ಮೂಲಕ ಭಾರವನ್ನು ಭುಜದಿಂದ ಸೊಂಟಕ್ಕೆ ಇಳಿಸುವ ತತ್ತ್ವ ಇದರಿಂದ ಪ್ರಚಾರಕ್ಕೆ ಬಂತು. 1967ರ ಸುಮಾರಿಗೆ ಗ್ರೆಗ್ ಲೋ ಚೌಕಟ್ಟನ್ನು ಚೀಲದ ಒಳಗೇ ಸೇರಿಸಿದನು. ಪರ್ವತಾರೋಹಿಯೂ ಛಾಯಾಗ್ರಾಹಕನೂ ಆಗಿದ್ದ ಆತನ ಪ್ರಯೋಗಗಳಿಂದಲೇ ಮೆತ್ತೆ ಹಾಕಿದ ಕ್ಯಾಮೆರಾ ಚೀಲಗಳ ಉದ್ಯಮವೂ ಬೆಳೆಯಿತು. ಅದೇ 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಒಬ್ಬ ಕಾರ್ಮಿಕನು ಹೊರಬಹುದಾದ ಗರಿಷ್ಠ ಭಾರವನ್ನು ಕುರಿತ 127ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರೊಡನೆ ಬಂದ ಶಿಫಾರಸು ವಯಸ್ಕ ಪುರುಷನಿಗೆ 55 ಕಿಲೋಗ್ರಾಂ ಮಿತಿಯನ್ನು ಸೂಚಿಸಿತು.

ಈ ಆವಿಷ್ಕಾರಗಳನ್ನು ಪಾಶ್ಚಾತ್ಯ ಜಾಣ್ಮೆಯ ಫಲವೆಂದಷ್ಟೇ ಹೇಳುವುದು ಸರಿಯಲ್ಲ. ನೆಲ್ಸನ್‌ನ ಚೀಲದ ಮೂಲ ಅಲಾಸ್ಕದ ಜನಪದ ಸಾಧನ. ಕೀನ್ಯಾದ ಲುವೊ ಹೆಂಗಸರು ತಲೆಯ ಮೇಲೆ, ಕಿಕುಯು ಹೆಂಗಸರು ಹಣೆಪಟ್ಟಿಯಿಂದ, ತಮ್ಮ ದೇಹತೂಕದ ಶೇಕಡ 20ರಷ್ಟನ್ನು ಹೆಚ್ಚುವರಿ ಶಕ್ತಿವ್ಯಯವಿಲ್ಲದೆ ಹೊರಬಲ್ಲರೆಂದು 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನೇಪಾಳದ ಪುರುಷ ಹೊರೆಯಾಳುಗಳು ಡೋಕೊ ಬುಟ್ಟಿಯನ್ನು ನಾಮ್ಲೊ ಎಂಬ ಹಣೆಪಟ್ಟಿಯಿಂದ ತೂಗುಹಾಕಿಕೊಂಡು ಸರಾಸರಿ ತಮ್ಮ ದೇಹತೂಕದ ಶೇಕಡ 93ರಷ್ಟನ್ನು, ಹೆಂಗಸರು ಶೇಕಡ 66ರಷ್ಟನ್ನು ಹೊರುತ್ತಿದ್ದರೆಂದು 2005ರಲ್ಲಿ ‘ಸೈನ್ಸ್’ ಪತ್ರಿಕೆಯ ಅಧ್ಯಯನ ದಾಖಲಿಸಿತು. ನಿಧಾನ ನಡಿಗೆ, ಮತ್ತೆ ಮತ್ತೆ ವಿಶ್ರಾಂತಿ, ಬುಟ್ಟಿಯ ತಳಕ್ಕೆ ಕೊಡುವ ಟೋಕ್ಮಾ ಎಂಬ ಊರುಗೋಲು ಇವು ಅವರ ಕ್ರಮದ ಅಂಗಗಳು. ದಕ್ಷಿಣ ಭಾರತದ ಹಳೆಯ ದಾರಿಗಳಲ್ಲಿ ತಲೆಯೆತ್ತರಕ್ಕೆ ನಿಲ್ಲಿಸಿದ ಹೊರೆ ಇಳಿಸುವ ಕಲ್ಲುಗಳು, ತಮಿಳಿನ ಸುಮೈತಾಂಗಿಗಳು, ಇದೇ ತಿಳಿವಳಿಕೆಯ ಶಿಲಾರೂಪ. ಹೊರೆಯನ್ನು ನೆಲಕ್ಕಿಳಿಸಿ ಮತ್ತೆ ಎತ್ತುವುದರಲ್ಲಿಯೇ ಹೆಚ್ಚಿನ ಶ್ರಮವಿದೆಯೆಂಬುದನ್ನು ಜನಪದರು ಅಳತೆಯಿಲ್ಲದೆಯೇ ಅರಿತಿದ್ದರು. ಆದರೆ ಈ ಸಾಮರ್ಥ್ಯವನ್ನು ಹೊಗಳುವಾಗ ಒಂದು ಎಚ್ಚರ ಬೇಕು. ಹೊರಬಲ್ಲರು ಎಂಬುದು ಹೊರಿಸಬಹುದು ಎಂಬುದಕ್ಕೆ ಸಮರ್ಥನೆಯಾಗದು.

8. ಇಂದಿನ ಆಯ್ಕೆ: ಕೆಲವು ಮಾನದಂಡಗಳು

ಕರ್ನಾಟಕದಲ್ಲಿ ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್ ಮೊದಲಾದವರು ವನ್ಯಜೀವಿ ಛಾಯಾಗ್ರಹಣಕ್ಕೆ ಘನತೆ ತಂದುಕೊಟ್ಟರು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಪರಿಸರದಲ್ಲಿ ಹಕ್ಕಿಗಳ ಚಿತ್ರಗಳನ್ನು ತೆಗೆದು ಆ ಹವ್ಯಾಸವನ್ನು ಕನ್ನಡ ಓದುಗರ ಮನೆಮಾತಾಗಿಸಿದರು. ಇಂದು ಮುಳ್ಳಯ್ಯನಗಿರಿ, ಕುದುರೆಮುಖ, ಕುಮಾರಪರ್ವತ, ತಡಿಯಂಡಮೋಳ್‌ಗಳ ದಾರಿಯಲ್ಲಿ ಕ್ಯಾಮೆರಾ ಹೊತ್ತ ಚಾರಣಿಗರು ಸಾಮಾನ್ಯ ದೃಶ್ಯ. ಮೇಲಿನ ಚರಿತ್ರೆಯಿಂದ ಅವರ ಚೀಲದ ಆಯ್ಕೆಗೆ ಕೆಲವು ಮಾನದಂಡಗಳನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದು ದೇಹ. ಚೀಲದ ಅಳತೆಯನ್ನು ಹೊರುವವರ ಒಟ್ಟು ಎತ್ತರದಿಂದ ನಿರ್ಣಯಿಸಲಾಗದು. ಕುತ್ತಿಗೆಯ ಬುಡದಲ್ಲಿ ಉಬ್ಬಿ ಕಾಣುವ ಏಳನೆಯ ಕಶೇರುಕದಿಂದ ಸೊಂಟದ ಮೂಳೆಯ ಮೇಲಂಚಿನವರೆಗಿನ ಬೆನ್ನಿನ ಉದ್ದವೇ ಮುಖ್ಯ. ಈ ಅಳತೆ ಹೊಂದದಿದ್ದರೆ ನಡುಪಟ್ಟಿ ಹೊಟ್ಟೆಯ ಮೇಲೆ ಕುಳಿತು, ಭಾರವೆಲ್ಲ ಮತ್ತೆ ಭುಜಕ್ಕೆ ಬರುತ್ತದೆ. ಹಲವು ಚೀಲಗಳು ಪುರುಷರ ಬೆನ್ನನ್ನೇ ಮಾದರಿಯಾಗಿಟ್ಟುಕೊಂಡು ರೂಪುಗೊಂಡಿರುವುದರಿಂದ ಮಹಿಳೆಯರು ಈ ಅಂಶವನ್ನು ಹೆಚ್ಚಾಗಿ ಪರೀಕ್ಷಿಸಬೇಕಾಗುತ್ತದೆ. ಖಾಲಿ ಚೀಲವನ್ನು ತೊಟ್ಟು ನೋಡುವುದರಿಂದ ಪ್ರಯೋಜನವಿಲ್ಲ. ನಿಜವಾಗಿ ಒಯ್ಯಲಿರುವ ಉಪಕರಣಗಳನ್ನು ತುಂಬಿ, ಮೆಟ್ಟಿಲುಗಳನ್ನು ಹತ್ತಿಳಿದು ನೋಡಬೇಕು.

ಎರಡನೆಯದು ತೂಕ. ಒಂದು ದಿನದ ಚಾರಣಕ್ಕೆ ದೇಹತೂಕದ ಹತ್ತನೆಯ ಒಂದು ಭಾಗ, ಹಲವು ದಿನಗಳದಕ್ಕೆ ಐದನೆಯ ಒಂದು ಭಾಗ ಎಂಬುದು ಚಾರಣಿಗರಲ್ಲಿ ರೂಢಿಯಲ್ಲಿರುವ ಸ್ಥೂಲ ಮಿತಿ. 60 ಕಿಲೋಗ್ರಾಂ ತೂಗುವವರಿಗೆ ಇದು 6 ಮತ್ತು 12 ಕಿಲೋಗ್ರಾಂ. ಹಕ್ಕಿಗಳಿಗಾಗಿ ಬಳಸುವ ದೊಡ್ಡ ದೂರಮಸೂರವೊಂದೇ ಮೂರು ಕಿಲೋಗ್ರಾಮಿಗೂ ಮಿಗಿಲು ತೂಗಬಹುದು. ದಪ್ಪ ಮೆತ್ತೆಯ ಕ್ಯಾಮೆರಾ ಚೀಲವು ಖಾಲಿಯಿರುವಾಗಲೇ ಎರಡು ಮೂರು ಕಿಲೋಗ್ರಾಂ ಇರುವುದುಂಟು. ಒಂದು ದಿನದ ಮಿತಿಯಲ್ಲಿ ನೀರಿಗೂ ಊಟಕ್ಕೂ ಉಳಿಯುವುದು ಅತ್ಯಲ್ಪ. ದಿನಗಟ್ಟಲೆ ನಡೆಯುವವರಿಗೆ ಉತ್ತಮ ಚಾರಣ ಚೀಲದೊಳಗೆ ಬೇರೆಯಾಗಿ ತೆಗೆದಿಡಬಹುದಾದ ಮೆತ್ತೆಯ ಪೆಟ್ಟಿಗೆಯನ್ನು ಇರಿಸುವ ಕ್ರಮವೇ ಯೋಗ್ಯವೆನಿಸುವುದು ಈ ಕಾರಣದಿಂದ.

ಮೂರನೆಯದು ವಿಭಜನೆ. ಇರುಮುಡಿಯ ತತ್ತ್ವವನ್ನು ಇಲ್ಲಿ ಸ್ಮರಿಸಬಹುದು. ಉಪಕರಣದ ಭಾಗವೂ ಬುತ್ತಿ ಬಟ್ಟೆಗಳ ಭಾಗವೂ ಬೇರೆಯಾಗಿರದ ಚೀಲದಲ್ಲಿ ನೀರಿನ ಸೀಸೆ ಸೋರಿದರೆ ಕ್ಯಾಮೆರಾ ಕೆಡುತ್ತದೆ. ಭಾರವಾದ ವಸ್ತುಗಳು ಬೆನ್ನುಮೂಳೆಗೆ ಒತ್ತಿಕೊಂಡು ಚೀಲದ ನಡುಭಾಗದಲ್ಲಿರಬೇಕು. ಹೊರಮುಖಕ್ಕೆ ಸರಿದಷ್ಟೂ ಅವು ದೇಹವನ್ನು ಹಿಂದಕ್ಕೆ ಎಳೆಯುತ್ತವೆ. ಮುಕ್ಕಾಲಿಯನ್ನು ಒಂದೇ ಪಕ್ಕಕ್ಕೆ ಕಟ್ಟಿದರೆ ತೂಕದ ಸಮತೋಲ ತಪ್ಪುವುದರಿಂದ ಮಧ್ಯಕ್ಕೆ ಕಟ್ಟುವ ವ್ಯವಸ್ಥೆ ಮೇಲು.

ನಾಲ್ಕನೆಯದು ಬಾಗಿಲು ಮತ್ತು ಮಳೆ. ಬೆನ್ನಿಗೆ ತಾಗುವ ಬದಿಯಲ್ಲಿ ತೆರೆದುಕೊಳ್ಳುವ ಚೀಲವನ್ನು ಕೆಸರಿನಲ್ಲಿ ಮಲಗಿಸಿದರೂ ಬೆನ್ನಿನ ಭಾಗ ಒದ್ದೆಯಾಗದು. ಪಕ್ಕದ ಬಾಗಿಲಿನಿಂದ ಚೀಲ ಇಳಿಸದೆಯೇ ಕ್ಯಾಮೆರಾ ತೆಗೆಯಬಹುದು. ಸದ್ದು ಮಾಡುವ ಅಂಟುಪಟ್ಟಿಗಳು ಹಕ್ಕಿಗಳನ್ನು ಹಾರಿಸಿಬಿಡುತ್ತವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂತಹ ನೆಲದಲ್ಲಿ ಹೊರಗಿನ ಮಳೆಹೊದಿಕೆಯೊಂದೇ ಸಾಲದು. ಬೆನ್ನಿನ ಬದಿಯಿಂದ ನೀರು ಇಳಿದೇ ಇಳಿಯುತ್ತದೆ. ಒಳಗೊಂದು ಜಲನಿರೋಧಕ ಚೀಲವೂ, ತೇವ ಹೀರುವ ಸಿಲಿಕಾ ಪೊಟ್ಟಣಗಳೂ ಬೇಕು. ಮನೆಗೆ ಮರಳಿದ ಮೇಲೆ ಒದ್ದೆ ಚೀಲದಲ್ಲಿಯೇ ಉಳಿದ ಮಸೂರಕ್ಕೆ ಬೂಷ್ಟು ಹಿಡಿಯುವುದು ಮಲೆನಾಡಿನ ಛಾಯಾಗ್ರಾಹಕರೆಲ್ಲರೂ ಬಲ್ಲ ಸಂಗತಿ.

9. ಉಪಸಂಹಾರ

ಮೇಲಿನ ಮಾನದಂಡಗಳೆಲ್ಲ ಹೊರುವವನು ಮತ್ತು ಆರಿಸುವವನು ಒಬ್ಬನೇ ಎಂಬ ಊಹೆಯ ಮೇಲೆ ನಿಂತಿವೆ. ಬೋರ್ನ್‌ನ ಕಾಲದಲ್ಲಿ ಆ ಊಹೆ ಸಲ್ಲುತ್ತಿರಲಿಲ್ಲ. ಅಂದು ಪೆಟ್ಟಿಗೆಯ ಆಕಾರವನ್ನು ನಿರ್ಣಯಿಸಿದುದು ಗಾಜಿನ ಸುರಕ್ಷೆ. ಅದನ್ನು ಹೊತ್ತ ಬೆನ್ನಿನ ಉದ್ದವನ್ನು ಯಾರೂ ಅಳೆಯಲಿಲ್ಲ. ಬೆನ್ನಿನ ಅಳತೆಯು ವಿನ್ಯಾಸದ ಮೊದಲ ಪ್ರಶ್ನೆಯಾದುದು, ಹೊರೆಯು ಕೊಳ್ಳುವವನ ಬೆನ್ನಿಗೇ ಬಂದ ಮೇಲೆ. ತಂತ್ರಜ್ಞಾನದ ಚರಿತ್ರೆಯಲ್ಲಿ ಇದು ಮರೆಯಬಾರದ ಸಂಗತಿ.

ಹೊರೆಯಾಳಿನ ವೃತ್ತಿ ಮುಗಿದಿಲ್ಲ. ಹಿಮಾಲಯದಲ್ಲಿಯೂ ಆಂಡೀಸ್‌ನಲ್ಲಿಯೂ ಛಾಯಾಗ್ರಾಹಕರ ಸಾಮಗ್ರಿಯನ್ನು ಹೊರುವವರು ಇಂದಿಗೂ ಇದ್ದಾರೆ. ಪೆರು ದೇಶವು 2001ರಲ್ಲಿ ಹೊರೆಯಾಳುಗಳ ರಕ್ಷಣೆಗಾಗಿ ಶಾಸನ ರೂಪಿಸಿ 20 ಕಿಲೋಗ್ರಾಂ ಮಿತಿಯನ್ನು ವಿಧಿಸಿತು. ಕೂಲಿ ತಕ್ಕದ್ದಾಗಿದ್ದು, ಮಿತಿ ಪಾಲಿಸಲ್ಪಟ್ಟು, ಉಡುಪು ಆಹಾರಗಳು ದೊರೆತಲ್ಲಿ ಅದು ಗೌರವದ ಜೀವನೋಪಾಯವೇ ಹೌದು. ತನ್ನ ಚೀಲದ ಪಟ್ಟಿಯನ್ನು ನಾಲ್ಕು ಸಲ ಎಳೆದು ನೋಡುವ ಚಾರಣಿಗನು, ಮತ್ತೊಬ್ಬರ ಬೆನ್ನಿಗೆ ಹೊರೆ ಏರಿಸುವಾಗಲೂ ಅಷ್ಟೇ ಜಾಗ್ರತೆ ವಹಿಸಬೇಕೆಂಬುದು ಈ ಚರಿತ್ರೆ ಕಲಿಸುವ ಪಾಠ.

ಗ್ರಂಥಾಲಯಗಳು ಮತ್ತು ಸಂಗ್ರಹಾಲಯಗಳಿಗೂ ಇಲ್ಲಿ ಒಂದು ಕಾರ್ಯವಿದೆ. ಹಳೆಯ ಛಾಯಾಚಿತ್ರಗಳ ಸೂಚಿಗಳಲ್ಲಿ ಛಾಯಾಗ್ರಾಹಕ, ಸ್ಥಳ, ಕಾಲ, ವಿಧಾನಗಳ ಜೊತೆಗೆ ಸಾಗಣೆಯ ವಿವರಕ್ಕೂ ಒಂದು ಅಂಕಣ ಬೇಕು. ಎಷ್ಟು ಮಂದಿ ಹೊತ್ತರು, ಯಾವ ಊರಿನವರು, ಕೂಲಿಯೋ ಬಿಟ್ಟಿಯೋ ಎಂಬುದು ಯಾತ್ರಾಕಥನಗಳಿಂದಲೂ ಆಡಳಿತ ಕಡತಗಳಿಂದಲೂ ಎಷ್ಟೋ ಕಡೆ ತಿಳಿಯಬಲ್ಲದು. ಹೆಸರು ದೊರೆತಲ್ಲಿ ಹೆಸರನ್ನು, ದೊರೆಯದಲ್ಲಿ ಸಂಖ್ಯೆಯನ್ನು ಬರೆಯಬಹುದು. ಹಂಪಿಯ ಕಲ್ಲಿನ ರಥದ ಮುಂದೆ 1856ರಲ್ಲಿ ಇಳಿದ ಭಾರವಾದ ಮರದ ಪೆಟ್ಟಿಗೆ ಅಲ್ಲಿಗೆ ತಾನೇ ನಡೆದು ಬಂದುದಲ್ಲ.